ಸೋಪಮ್ಮನ ವಾರ್ಡು

ಎಳೆಮಕ್ಕಳ ವಾರ್ಡಿನ ದೊಡ್ಡ ಸಿಸ್ಟರಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ಸೋಪಮ್ಮ. ಎದುರಿಗೆ ಹಾಗನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಅನ್ನದವರೂ ಇರಲಿಲ್ಲ. ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ನೋಡಿಕೊಳ್ಳುವುದು ಹೇಗೆ ಎಂದು ಎಲ್ಲರಿಗೂ ಪಾಠ ಹೇಳುವವರು ಅವರೇ. ಹೊಸದಾಗಿ ಸೇರಿದ ಡಾಕ್ಟರುಗಳು ಕೂಡ ಅವರ ಮುಂದೆ ಅಂಗಿಯ ತೋಳು ಮಡಿಸಿ ನಿಂತು, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರಿನ ತುದಿ ಒಂದೊಂದನ್ನೂ ಉಜ್ಜಿ ತೋರಿಸಿ ಪಾಸಾಗಬೇಕು. ಉಂಗುರ ಹಾಕಿಕೊಂಡು ಬಂದವರಿಗೆ ಅಲ್ಲೇ ಮಂಗಳಾರತಿ. ಅವರ ಬೈಗುಳಕ್ಕೆ ಹೆದರಿಯೇ ಅರ್ಧ ರೋಗಾಣುಗಳು ಊರು ಬಿಟ್ಟಿವೆ ಎಂದು ಆಯಾಗಳು ನಗುತ್ತಿದ್ದರು.

ಇಂಥ ಸೋಪಮ್ಮನ ವಾರ್ಡಿನಲ್ಲೇ ಮಕ್ಕಳು ಒಂದರ ಹಿಂದೊಂದು ಕಾಯಿಲೆ ಬೀಳತೊಡಗಿದವು.

ದೊಡ್ಡವರಿಗೆ ಸೋಂಕು ತಗುಲಿದರೆ ಜ್ವರ ಬರುತ್ತದೆ, ನರಳುತ್ತಾರೆ, ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ತಿಂಗಳು ತುಂಬದೆ ಹುಟ್ಟಿದ ಅಂಗೈಯಗಲದ ಜೀವಗಳು ನರಳುವುದೂ ಇಲ್ಲ. ಸುಮ್ಮನೆ ಹಾಲು ಕುಡಿಯುವುದನ್ನು ಬಿಡುತ್ತವೆ. ಮೈ ತಣ್ಣಗಾಗುತ್ತದೆ, ಬಣ್ಣ ಬೂದಿಗೆ ತಿರುಗುತ್ತದೆ, ನಡುನಡುವೆ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಬಾಗಿಲ ಪಕ್ಕದ ಮಗು ಹಾಗೆ ಮರೆತು ಉಸಿರಿನ ಯಂತ್ರಕ್ಕೆ ಹೋಯಿತು. ಆಮೇಲೆ ಅವಳಿಗಳಲ್ಲಿ ಒಂದು ಹಾಲು ಬಿಟ್ಟಿತು, ಮಾರನೆಯ ದಿನ ಇನ್ನೊಂದು. ಕಿಟಕಿ ಪಕ್ಕದ ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಹೆಣ್ಣುಮಗು ಮಾತ್ರ ಇನ್ನೂ ಚೆನ್ನಾಗಿತ್ತು. ಆ ಮಗು ದೊಡ್ಡ ಸಿಸ್ಟರ ಮೊಮ್ಮಗಳು, ಒಬ್ಬಳೇ ಮಗಳ ಮೊದಲನೆಯ ಕೂಸು.

ಇಷ್ಟು ವರ್ಷ ಬೇರೆಯವರ ಮಕ್ಕಳನ್ನು ನೋಡಿಕೊಂಡಾಗ ಅವರಿಗೆ ಕೆಲಸ ಗೊತ್ತಿತ್ತು, ಭಯ ಗೊತ್ತಿರಲಿಲ್ಲ. ಈಗ ಪೆಟ್ಟಿಗೆಯ ಮೇಲಿನ ಯಂತ್ರ ಒಂದು ಸಲ ಕೂಗಿದರೂ ಎದೆ ಧಸಕ್ಕೆನ್ನುತ್ತಿತ್ತು. ಮಗು ನಿದ್ದೆ ಮಾಡಿದರೆ ಯಾಕಿಷ್ಟು ನಿದ್ದೆ ಎಂದು ಭಯ, ಅತ್ತರೆ ಯಾಕಿಷ್ಟು ಅಳು ಎಂದು ಭಯ. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಡುತ್ತಿದ್ದರು. ಆದರೆ ಹೆದರಿಕೊಂಡವರು ಸುಮ್ಮನಿದ್ದಾರೆಯೇ? ಅವರಿಗೆ ಬೈಯಲು ಒಂದು ಮುಖ ಬೇಕಿತ್ತು. ಸಿಕ್ಕಿದ್ದು ಬೀಗಿತ್ತಿಯ ಮುಖ.

ಬೀಗಿತ್ತಿ, ಅಂದರೆ ಮಗಳ ಅತ್ತೆ, ಮೊಮ್ಮಗಳನ್ನು ನೋಡಲು ಬಸ್ಸಿಳಿದವಳೇ ನೇರವಾಗಿ ವಾರ್ಡಿಗೆ ನುಗ್ಗಿದ್ದಳು. ಕೈ ತೊಳೆಯುವ ತೊಟ್ಟಿ ಬಾಗಿಲಲ್ಲೇ ಇದ್ದರೂ ಸಂತೋಷದಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಮಗುವಿನ ಮುಷ್ಟಿಯೊಳಗೆ ತನ್ನ ಬೆರಳಿಟ್ಟಳು. ಮಗು ಬಿಗಿಯಾಗಿ ಹಿಡಿದುಕೊಂಡಿತು.

"ನೋಡ್ರೀ, ನೋಡ್ರೀ! ಅಜ್ಜಿ ಯಾರು ಅಂತ ಆಗಲೇ ಗೊತ್ತಾಗ್ಬಿಟ್ಟಿದೆ ಕಳ್ಳಿಗೆ," ಎಂದು ಅವಳು ಹಿಗ್ಗುತ್ತಿರುವಾಗಲೇ ದೊಡ್ಡ ಸಿಸ್ಟರು ಒಳಗೆ ಬಂದರು.

"ಬೀಗರೇ, ಕೈ ತೊಳ್ಕೊಂಡ್ರಾ?"

"ಅಯ್ಯೋ, ಮಗು ಮುಖ ನೋಡೋ ಆಸೆಲಿ ಮರ್ತೇಹೋಯ್ತು ಕಣ್ರೀ."

ಅಂದು ಮುಖ ಗಂಟಿಕ್ಕಿ ಸುಮ್ಮನಾದವರು, ಬಾಗಿಲ ಪಕ್ಕದ ಮಗು ಕಾಯಿಲೆ ಬಿದ್ದ ದಿನ ಸುಮ್ಮನಿರಲಿಲ್ಲ. ತಾಯಂದಿರು, ಆಯಾಗಳು, ಡಾಕ್ಟರುಗಳು ಎಲ್ಲರೂ ನೋಡುತ್ತಿರುವಾಗಲೇ ಬೀಗಿತ್ತಿಯನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಅಂದುಬಿಟ್ಟರು. "ನಿಮ್ಮ ಕೈಯಿಂದ್ಲೇ ಬಂದಿದ್ದು ಇದು. ಊರ ಕೊಳೆಯೆಲ್ಲ ತಂದು ಎಳೆಮಕ್ಕಳಿಗೆ ಹಚ್ಚಿದ್ರಿ. ಇನ್ನು ಗೇಟು ದಾಟಿ ಒಳಗೆ ಕಾಲಿಟ್ರೆ ನೋಡಿ!"

ಬೀಗಿತ್ತಿ ಮುಟ್ಟಿದ್ದು ಕಿಟಕಿ ಪಕ್ಕದ ಮಗುವನ್ನು, ಕಾಯಿಲೆ ಬಿದ್ದದ್ದು ಬಾಗಿಲ ಪಕ್ಕದ ಮಗು. ಇದೆಂಥ ಲೆಕ್ಕ ಎಂದು ಸೋಪಮ್ಮನನ್ನು ಕೇಳುವ ಎದೆಗಾರಿಕೆ ಯಾರಿಗಿತ್ತು? ತಾಯಂದಿರೆಲ್ಲ ಆ ಹೆಂಗಸನ್ನು ಕೆಕ್ಕರಿಸಿ ನೋಡಿದರು. ಅವಳು ಹೊರಗೆ ಹೋದಳು. ಊರಿಗೂ ಹೋಗಲಿಲ್ಲ. ದಿನಾ ಬಂದು ಗೇಟಿನಾಚೆಯ ಕಲ್ಲುಬೆಂಚಿನ ಮೇಲೆ ಕೂತು, ಹೊರಗೆ ಬಂದವರನ್ನೆಲ್ಲ ಕಿಟಕಿ ಪಕ್ಕದ ಮಗು ಹೇಗಿದೆ ಎಂದು ಕೇಳುತ್ತಿದ್ದಳು.

ಅವಳು ಗೇಟಿನಾಚೆ ಹೋದ ಮೇಲೂ ಅವಳಿಗಳು ಕಾಯಿಲೆ ಬಿದ್ದವು. ಲ್ಯಾಬಿನವರು ಹತ್ತಿ ಸುತ್ತಿದ ಕಡ್ಡಿಗಳನ್ನು ತಂದು ನಲ್ಲಿ, ತೊಟ್ಟಿಯ ತೂತು, ಪೆಟ್ಟಿಗೆಯ ಕಿಂಡಿ, ತೂಕದ ತಟ್ಟೆ, ಹಾಲಿನ ಬಟ್ಟಲು ಎಲ್ಲವನ್ನೂ ಒರೆಸಿಕೊಂಡು ಹೋದರು. ಎಲ್ಲೆಲ್ಲಿ ಒರೆಸಬೇಕೆಂದು ತೋರಿಸಿದವರು ದೊಡ್ಡ ಸಿಸ್ಟರೇ. ಎಲ್ಲೂ ಏನೂ ಸಿಗಲಿಲ್ಲ. ಅದು ಇನ್ನೂ ದೊಡ್ಡ ಭಯ. ಸಿಕ್ಕ ಕಳ್ಳನನ್ನಾದರೂ ಕಟ್ಟಿಹಾಕಬಹುದು, ಕಾಣದವನನ್ನು ಏನು ಮಾಡುವುದು? ಅವರು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಇನ್ನು ಮೇಲೆ ಎಲ್ಲರೂ ಒಂದು ಸಲವಲ್ಲ, ಎರಡೆರಡು ಸಲ ಸೋಪು ಹಾಕಿ ತೊಳೆಯಬೇಕೆಂದು ಅಪ್ಪಣೆ ಮಾಡಿದರು.

ಮಗಳು ಪಕ್ಕದ ಬಾಣಂತಿ ವಾರ್ಡಿನಿಂದ ಹೆಜ್ಜೆ ಎಳೆಯುತ್ತ ಬರುತ್ತಿದ್ದಳು. ತೊಳೆದು ತೊಳೆದು ಅವಳ ಬೆರಳ ಗೆಣ್ಣುಗಳು ಬಿರಿದಿದ್ದವು.

"ಅಮ್ಮಾ, ಅವಳನ್ನ ಮುಟ್ಟೋಕೇ ಭಯ ಆಗುತ್ತೆ ನಂಗೆ."

"ಎರಡು ಸಲ ತೊಳ್ಕೊಂಡು ಮುಟ್ಟು. ಏನೂ ಆಗಲ್ಲ. ನಾನಿಲ್ವಾ?"

ಅದಾದ ಮಾರನೆಯ ದಿನ ಮಧ್ಯಾಹ್ನ ಮೊಮ್ಮಗಳೂ ಹಾಲು ಬಿಟ್ಟಳು. ಚಮಚದಲ್ಲಿ ಕೊಟ್ಟ ಹಾಲು ಗಂಟಲಿಗೆ ಇಳಿಯದೆ ಬಾಯಿಯ ಮೂಲೆಯಿಂದ ಕೆನ್ನೆಗೆ ಹರಿಯಿತು. ದೊಡ್ಡ ಸಿಸ್ಟರು ಅಂಗಾಲು ಉಜ್ಜಿದರು, ಗಲ್ಲ ತಟ್ಟಿದರು. ಮಗು ಕಣ್ಣು ಬಿಡಲಿಲ್ಲ. ಡಾಕ್ಟರನ್ನು ಕೂಗಿ ಕರೆದರು.

ಮಕ್ಕಳ ಡಾಕ್ಟರು ಬಂದು ನೋಡಿ ರಕ್ತ ತೆಗೆದರು. "ಒಂದು ಹೊತ್ತು ಹಾಲು ಬಿಟ್ಟಿದ್ದಕ್ಕೇ ಅದೇ ಕಾಯಿಲೆ ಅಂತ ಹೇಳೋಕಾಗಲ್ಲ ಸಿಸ್ಟರ್. ಆ ಕಾಯಿಲೆಗೆ ಕೊಡೋ ಔಷಧಿ ಕಿಡ್ನಿಗೆ ಭಾರ, ಇಷ್ಟು ಸಣ್ಣ ಮಗುಗೆ ಸುಮ್ಸುಮ್ನೆ ಕೊಡೋ ಹಾಗಿಲ್ಲ. ರಿಪೋರ್ಟ್ ಬರ್ಲಿ, ನೋಡೋಣ."

ರಿಪೋರ್ಟ್ ಬರುವಷ್ಟರಲ್ಲಿ ಬಾಗಿಲ ಪಕ್ಕದ ಮಗು ಎಲ್ಲಿಗೆ ತಲುಪಿತ್ತೆಂದು ದೊಡ್ಡ ಸಿಸ್ಟರು ಕಣ್ಣಾರೆ ಕಂಡಿದ್ದರು. ಅಭ್ಯಾಸಬಲದಿಂದ ಕಾಲುಗಳು ತೊಟ್ಟಿಯ ಕಡೆಗೆ ನಡೆದವು. ಅಲ್ಲಿ ಆಯಾ ದೊಡ್ಡ ಕ್ಯಾನೊಂದನ್ನು ತೊಡೆಗೆ ಆನಿಸಿಕೊಂಡು, ಗೋಡೆಯ ಮೇಲಿನ ಬಾಟಲಿಗೆ ಸೋಪಿನ ನೀರು ಸುರಿಯುತ್ತಿದ್ದಳು.

"ಸ್ವಲ್ಪ ತಾಳಿ ಸಿಸ್ಟರ್, ಆಯ್ತು. ಅರ್ಧಕ್ಕೆ ಇಳಿದಿತ್ತು. ನೀವು ಹೇಳ್ದಂಗೆ ಒಂದಿನಾನೂ ಖಾಲಿ ಆಗೋಕೆ ಬಿಟ್ಟಿಲ್ಲ ನೋಡಿ."

ಹೊಸ ಸೋಪು ಹಳೆಯ ಸೋಪಿನ ಮೇಲೆ ಸುರುಳಿಸುರುಳಿಯಾಗಿ ಇಳಿಯುತ್ತಿತ್ತು. ಬಾಟಲಿಯ ತಳದಲ್ಲಿ, ಸೋಪು ಮೇಲಕ್ಕೆಳೆಯುವ ಕೊಳವೆಯ ಸುತ್ತ, ತೆಳುವಾದ ಗುಲಾಬಿ ಬಣ್ಣದ ಲೋಳೆಯೊಂದು ಅಂಟಿಕೊಂಡಿತ್ತು.

ದೊಡ್ಡ ಸಿಸ್ಟರು ಬಾಟಲಿಯ ಹತ್ತಿರ ಬಗ್ಗಿ ನೋಡಿದರು. ಆ ಗುಲಾಬಿ ಬಣ್ಣವನ್ನು ಅವರು ಚಿತ್ರದಲ್ಲಿ ನೋಡಿದ್ದರು, ನೋಡಿದ್ದಷ್ಟೇ ಅಲ್ಲ, ತಾವೇ ತೋರಿಸಿ ಪಾಠ ಹೇಳಿದ್ದರು. ಉಳಿದ ಸೋಪಿನ ಮೇಲೆ ಎಂದೂ ಹೊಸದನ್ನು ಸುರಿಯಬಾರದು. ಪೂರ್ತಿ ಮುಗಿಸಬೇಕು, ಬಾಟಲಿ ತೊಳೆಯಬೇಕು, ಒಣಗಿಸಬೇಕು, ಆಮೇಲೆ ತುಂಬಬೇಕು. ಇಲ್ಲದಿದ್ದರೆ ತಳದಲ್ಲಿ ಉಳಿದದ್ದರಲ್ಲಿ ರೋಗಾಣು ಸಂಸಾರ ಹೂಡುತ್ತದೆ, ಸೋಪಿನಲ್ಲೇ ಹುಟ್ಟಿ ಸೋಪಿನಲ್ಲೇ ಬೆಳೆಯುತ್ತದೆ. ಎಷ್ಟೋ ಸಲ ಹೇಳಿದ ಪಾಠ. ಆದರೆ ಒಮ್ಮೆ ಮೇಲಿನವರು ತಪಾಸಣೆಗೆ ಬಂದಾಗ ಈ ತೊಟ್ಟಿಯ ಬಾಟಲಿ ಖಾಲಿಯಿತ್ತು. ಕೈ ತೊಳೆಯುವ ಪಾಠ ಹೇಳುವವರ ವಾರ್ಡಿನಲ್ಲೇ ಸೋಪಿಲ್ಲ ಎಂದು ಎಲ್ಲರೆದುರು ನಕ್ಕಿದ್ದರು. ಸೋಪಮ್ಮನಿಗೆ ಆ ನಗು ಮುಳ್ಳಿನಂತೆ ನಾಟಿತ್ತು. ಅವತ್ತೇ ಆಯಾಳನ್ನು ಕರೆದು, ಅರ್ಧಕ್ಕೆ ಇಳಿದ ಕೂಡಲೇ ಮೇಲೆ ಸುರಿಯುತ್ತಿರು, ಖಾಲಿ ಬಾಟಲಿ ನನ್ನ ಕಣ್ಣಿಗೆ ಬೀಳಬಾರದು ಎಂದಿದ್ದರು. ಪಾಠ ಪಾಠದ ಜಾಗದಲ್ಲಿ ಉಳಿಯಿತು, ಮರ್ಯಾದೆ ತೊಟ್ಟಿಯ ಮೇಲೆ ಕೂತಿತು.

"ಕ್ಯಾನು ಕೆಳಗಿಡು. ನೀನು ಹೋಗು," ಎಂದರು.

ಬಾಟಲಿಯನ್ನು ಗೋಡೆಯಿಂದ ಕಳಚಿ ಕೈಯಲ್ಲಿ ಹಿಡಿದು ನಿಂತರು. ಈ ವಾರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಕೈ ತೊಳೆದವರು ಯಾರು? ತೊಳೆದು ಎಲ್ಲರಿಗಿಂತ ಹೆಚ್ಚು ಮಕ್ಕಳನ್ನು ಮುಟ್ಟಿದವರು ಯಾರು? ಆಗ ಒಂದು ಯೋಚನೆ ಬಂತು, ಬರಬಾರದಿತ್ತು, ಬಂತು. ಬಾಟಲಿಯನ್ನು ಇಲ್ಲೇ ಬಗ್ಗಿಸಿದರೆ ಮುಗಿಯಿತು. ಬಿಸಿನೀರು ಹಾಕಿ ತೊಳೆದು, ಹೊಸ ಬಾಟಲಿ ಸಿಕ್ಕಿಸಿದರೆ ಕಾಯಿಲೆ ತಾನಾಗಿ ನಿಲ್ಲುತ್ತದೆ. ಎಲ್ಲರೂ ಬೀಗಿತ್ತಿಯ ಕೈ ಎಂದು ನಂಬಿದ್ದಾರೆ, ನಂಬಿಕೊಂಡೇ ಇರಲಿ. ಬಾಟಲಿ ವಾಲಿತು. ಸೋಪಿನ ನೀರು ಅಂಚಿನವರೆಗೆ ಬಂತು.

ಕಿಟಕಿ ಪಕ್ಕದ ಯಂತ್ರ ಕೂಗಿತು. ಮೊಮ್ಮಗಳು ಉಸಿರು ಮರೆತಿದ್ದಳು. ನರ್ಸೊಬ್ಬಳು ಓಡಿಹೋಗಿ ಅಂಗಾಲಿಗೆ ತಟ್ಟಿದಳು, ಮತ್ತೆ ತಟ್ಟಿದಳು, ಮಗು ಬಿಕ್ಕಿದಂತೆ ಉಸಿರೆಳೆಯಿತು. ರಿಪೋರ್ಟ್ ಬರುವವರೆಗೆ ಡಾಕ್ಟರು ಕಾಯುತ್ತಾರೆ. ಈ ಬಾಟಲಿ ನೋಡಿದರೆ ಕಾಯುವುದಿಲ್ಲ. ಅದು ಹೊಳೆದದ್ದೇ ತಡ, ದೊಡ್ಡ ಸಿಸ್ಟರು ಬಾಟಲಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಡಾಕ್ಟರ ಕೋಣೆಗೆ ಓಡಿದರು.

"ಸಾರ್, ಸೋಪು. ಇದರಲ್ಲೇ ಇದೆ. ಮೇಲೆ ಮೇಲೆ ಸುರಿಯೋಕೆ ಹೇಳಿದ್ದು ನಾನೇ. ರಿಪೋರ್ಟ್‌ಗೆ ಕಾಯ್ಬೇಡಿ, ದಯವಿಟ್ಟು ಕಾಯ್ಬೇಡಿ. ಔಷಧಿ ಶುರು ಮಾಡಿ."

ಡಾಕ್ಟರು ಬಾಟಲಿಯ ತಳ ನೋಡಿದರು, ಸಿಸ್ಟರ ಮುಖ ನೋಡಿದರು. ಬೈಯಲಿಲ್ಲ. ಎದ್ದು ವಾರ್ಡಿಗೆ ಹೋದರು.

ಸಂಜೆಯೊಳಗೆ ಆಸ್ಪತ್ರೆಯ ಗೋಡೆಗಳ ಮೇಲಿದ್ದ ಸೋಪಿನ ಬಾಟಲಿಗಳೆಲ್ಲ ಕೆಳಗಿಳಿದವು. ಎರಡು ದಿನ ಕಳೆದು ಲ್ಯಾಬಿನಿಂದಲೂ ಸುದ್ದಿ ಬಂತು. ಮಕ್ಕಳ ರಕ್ತದಲ್ಲಿ ಸಿಕ್ಕಿದ್ದೂ ಬಾಟಲಿಯಲ್ಲಿ ಸಿಕ್ಕಿದ್ದೂ ಒಂದೇ ರೋಗಾಣು, ಮೊಮ್ಮಗಳ ರಕ್ತದಲ್ಲೂ ಅದೇ. ಔಷಧಿ ಬೇಗ ಬಿದ್ದಿದ್ದರಿಂದ ಮಗು ಉಸಿರಿನ ಯಂತ್ರದವರೆಗೆ ಹೋಗಲಿಲ್ಲ. ಎರಡು ದಿನ ಎಲ್ಲರ ಜೀವ ಹಿಂಡಿ, ಮೂರನೆಯ ದಿನ ಚಮಚದ ಹಾಲನ್ನು ನುಂಗಿತು. ಅವಳಿಗಳೂ ಚೇತರಿಸಿಕೊಂಡವು. ಬಾಗಿಲ ಪಕ್ಕದ ಮಗು ಇನ್ನೂ ಯಂತ್ರದಲ್ಲೇ ಇತ್ತು. ಅದರ ತಾಯಿಗೆ ವಿಷಯ ಹೇಳುವಾಗ ದೊಡ್ಡ ಸಿಸ್ಟರು ಡಾಕ್ಟರ ಪಕ್ಕದಲ್ಲೇ ನಿಂತಿದ್ದರು. ಆ ತಾಯಿ ಮುಖ ಆಚೆ ತಿರುಗಿಸಿಕೊಂಡಳು.

ಮಗಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಮಗಳು ಎಲ್ಲ ಕೇಳಿದಳು.

"ಹಾಗಾದ್ರೆ ಅತ್ತೆ ಕೈಯಿಂದ ಅಲ್ಲ."

"ಅಲ್ಲ."

"ನಾನು ಎರಡೆರಡು ಸಲ ತೊಳ್ಕೊಂಡೆ ಅಮ್ಮ. ನೀನು ಹೇಳ್ದೆ ಅಂತ." ಬಿರಿದ ಬೆರಳುಗಳನ್ನು ಮಡಿಲಲ್ಲಿ ಹರಡಿಕೊಂಡು ನೋಡಿದಳು. ಇನ್ನು ಅವಳ ಜನ್ಮದಲ್ಲಿ ಆ ಕೈಗಳನ್ನು ನಂಬುವಳೋ ಇಲ್ಲವೋ ಎಂದು ತಾಯಿಗೆ ಭಯವಾಯಿತು. "ಹೋಗಿ ಅವರನ್ನ ಒಳಗೆ ಕರ್ಕೊಂಡು ಬಾ," ಎಂದಳು ಮಗಳು ಕೊನೆಗೆ.

ದೊಡ್ಡ ಸಿಸ್ಟರು ಗೇಟಿಗೆ ಹೋದರು. ಅವರು ಬರುವುದನ್ನು ಕಂಡದ್ದೇ ಬೀಗಿತ್ತಿ ಬೆಂಚಿನಿಂದ ದಡಬಡನೆ ಎದ್ದು, ಎರಡೂ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡಳು.

"ನಾನು ಗೇಟು ಸಹ ಮುಟ್ಟಿಲ್ಲ ಬೀಗರೇ. ಇಲ್ಲೇ ಕೂತಿದ್ದೆ, ದೂರ. ಮಗುಗೆ ಏನಾದ್ರೂ ಆಯ್ತಾ?"

"ಇಲ್ಲ. ಚೆನ್ನಾಗಿದಾಳೆ. ಹಾಲು ಕುಡಿದ್ಲು." ದೊಡ್ಡ ಸಿಸ್ಟರು ಇನ್ನೂ ಹತ್ತಿರ ಬಂದರು. "ತಪ್ಪು ನಂದು. ನಿಮ್ಮದಲ್ಲ. ನಿಮ್ಮ ಕೈ ಕೊಡಿ, ಬನ್ನಿ, ಒಳಗೆ ಹೋಗೋಣ."

ಅವರು ಕೈ ಚಾಚಿದರು. ಬೀಗಿತ್ತಿ ಬೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ ರೀ, ನಾನಿನ್ನೂ ಕೈ ತೊಳ್ದಿಲ್ಲ," ಎಂದಳು, "ಮಕ್ಕಳನ್ನ ಮುಟ್ಟೋ ಕೈ ನಿಮ್ದು."