ಬಿಸಿಲಿಗಿಟ್ಟ ಟ್ಯೂಬು

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಆಕೆಯನ್ನು ಎಲ್ಲರೂ ಟೆಸ್ಟಕ್ಕ ಎಂದೇ ಕರೆಯುತ್ತಿದ್ದರು. ಜೊತೆಯವಳು ರಜೆ ಹಾಕಿ ಒಂಬತ್ತು ದಿನ. ಇಬ್ಬರ ಕೆಲಸ ಒಬ್ಬಳ ತಲೆಗೆ. ಸಾಕಪ್ಪಾ ಸಾಕು ಎನ್ನುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ!

ಮಧ್ಯಾಹ್ನ ಯಂತ್ರ ಒಂಬತ್ತು ಎಂದು ತೋರಿಸಿದಾಗ ಮಾತ್ರ ಆಕೆಗೆ ಹೋದ ಜೀವ ಬಂದಂತಾಯಿತು. ಮೇಲಿನ ವಾರ್ಡಿನ ಐದು ದಿನದ ಕೂಸಿಗೆ ಕಾಮಾಲೆ, ರಕ್ತದಲ್ಲಿ ಹಳದಿ ನಿನ್ನೆ ಹದಿನಾರಿತ್ತು. ಹನ್ನೆರಡಕ್ಕಿಂತ ಕೆಳಗಿಳಿದರೆ ಮನೆಗೆ ಎಂದಿದ್ದರು ಡಾಕ್ಟರು. ರಿಪೋರ್ಟು ಒಯ್ಯಲು ಬಂದ ಅಜ್ಜಿ, "ನಿನ್ನ ಕೈಗುಣ ಚೆನ್ನಾಗಿದೆ ತಾಯಿ" ಎಂದಳು.

"ನಂದೇನಿದೆ ಅಜ್ಜಿ, ಎಲ್ಲಾ ಕೂಸನ್ನ ಮಲಗಿಸಿದ್ದ ಆ ನೀಲಿ ದೀಪದ್ದು. ರಕ್ತದಲ್ಲಿರೋ ಹಳದಿ ನೀಲಿ ಬೆಳಕನ್ನ ನುಂಗುತ್ತೆ. ನುಂಗಿದ್ಮೇಲೆ ಅದರ ರೂಪಾನೇ ಬದಲಾಗಿ ಮೈಯಿಂದ ಹೊರಗೆ ಹೋಗುತ್ತೆ. ಎಷ್ಟು ನೀಲಿ ನುಂಗ್ತು ಅಂತ ನೋಡಿನೇ ನನ್ನ ಮಷೀನು ಹಳದಿ ಎಷ್ಟಿದೆ ಅಂತ ಹೇಳೋದು."

"ಅಂತೂ ನನ್ನ ಮೊಮ್ಮಗಳು ಬೆಳಕು ತಿಂದು ವಾಸಿಯಾದ್ಳು ಅನ್ನು!" ಎಂದು ಅಜ್ಜಿ ಸರಸರ ಮೆಟ್ಟಿಲು ಹತ್ತಿದಳು.

ಟೆಸ್ಟಕ್ಕ ಕೂಸಿನ ರಕ್ತದ ಟ್ಯೂಬು ಎತ್ತಿಡಲು ತಿರುಗಿದಳು. ಅದು ಕಿಟಕಿಕಟ್ಟೆಯ ಮೇಲಿತ್ತು, ಗಾಜೆಲ್ಲ ಬಿಸಿಯಾಗಿತ್ತು. ಬೆಳಿಗ್ಗೆ ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತುವಷ್ಟರಲ್ಲಿ ಫೋನು ಬಂದಿತ್ತು. ಕೈಗೆ ಸಿಕ್ಕಲ್ಲಿ ಇಟ್ಟು ಓಡಿದ್ದಳು. ಗಂಟೆ ಬಿಟ್ಟು ಬಂದು, ತೆಗೆದು ಯಂತ್ರಕ್ಕೆ ಹಾಕಿ ಮತ್ತೆ ಅಲ್ಲೇ ಇಟ್ಟಿದ್ದಳು, ಪುಣ್ಯಾತ್ಗಿತ್ತಿ! ಬಿಸಿಲಲ್ಲೂ ನೀಲಿ ಇದೆ. ಚಿಕಿತ್ಸೆಯಾದದ್ದು ಟ್ಯೂಬಿಗೆ, ಕೂಸಿಗಲ್ಲ.

ಯಾರೂ ನೋಡಿರಲಿಲ್ಲ. ನಿಜವಾಗಿಯೂ ಒಂಬತ್ತೇ ಇದ್ದರೂ ಇರಬಹುದು. ಬಾಯಿ ಮುಚ್ಚಿಕೊಂಡು ಕೂತರೆ ಯಾರಿಗೆ ತಿಳಿದೀತು? ಆದರೆ ಆ ಹಳದಿ ಮಿದುಳಿಗೇರಿದರೆ ಮಗುವಿನ ಕಿವಿ ಶಾಶ್ವತವಾಗಿ ಹೋಗಬಹುದು. ಆಕೆಗೆ ಹೆದರಿಕೆಯಾಯಿತು. ಸತ್ತೆನೋ ಕೆಟ್ಟೆನೋ ಎಂದು ಮೂರು ಮಹಡಿ ಹತ್ತಿದಳು.

ಕೂಸಿಗೆ ಹೊಸ ಟೋಪಿ ಹಾಕಿಯಾಗಿತ್ತು, ಚೀಲ ಬಾಗಿಲಲ್ಲಿತ್ತು.

"ತಪ್ಪು ನಂದೇ" ಎಂದು ಟೆಸ್ಟಕ್ಕ ನಡೆದದ್ದನ್ನೆಲ್ಲ ಹೇಳಿದಳು. "ಇನ್ನೊಂದ್ಸಲ ರಕ್ತ ತೆಗೀಬೇಕು."

"ಅಯ್ಯೋ, ಹಸುಗೂಸನ್ನ ಎಷ್ಟು ಸಲ ಚುಚ್ತೀಯೇ!" ಎಂದು ಅಜ್ಜಿ ರೇಗಿದಳು. ಬಾಣಂತಿ ತಾನೇ ಮಗುವಿನ ಕಾಲುಚೀಲ ಕಳಚಿ ಹಿಮ್ಮಡಿ ಮುಂದಿಟ್ಟಳು. ಕೂಸು ಕಿರುಚಿದ್ದಕ್ಕೆ ವಾರ್ಡೇ ತಿರುಗಿ ನೋಡಿತು.

ಈ ಸಲ ಟ್ಯೂಬನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೇ ಕೆಳಗೋಡಿದಳು. ಯಂತ್ರ ಹದಿನೇಳು ತೋರಿಸಿತು.

ಅದನ್ನು ಚೀಟಿಯಲ್ಲಿ ಬರೆದುಕೊಂಡು ಮತ್ತೆ ಮೇಲೆ ಬಂದಳು. ಡಾಕ್ಟರು ಚೀಟಿ ನೋಡಿ, "ದೀಪದ ಕೆಳಗೆ ಹಾಕಿ" ಎಂದಷ್ಟೇ ಹೇಳಿ ಹೋದರು. ಬಾಣಂತಿ ಟೋಪಿ ತೆಗೆದು, ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿದಳು.

"ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?"

"ಆಗ್ತಿರ್ಲಿಲ್ಲ ತಾಯಿ."

ಇನ್ನು ಬೈಗುಳವೇ ಎಂದು ಟೆಸ್ಟಕ್ಕ ತಲೆ ತಗ್ಗಿಸಿ ನಿಂತಳು.

"ಹಾಗಾದ್ರೆ ನಾಳೆನೂ ನೀವೇ ಬನ್ನಿ ಅಕ್ಕ. ಬೇರೆ ಯಾರ ಕೈಗೂ ಕೊಡಲ್ಲ ನಾನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಟೆಸ್ಟಕ್ಕನಿಗೆ ಅಳು ಬಂದುಬಿಟ್ಟಿತು.