ತಂಗಿ ಎಸೆದ ತೆಂಗಿನಕಾಯಿ

ಇಪ್ಪತ್ತೆಂಟು ವರ್ಷ ಒಂದೇ ಸಮನೆ ತೆಂಗಿನಕಾಯಿ ಎಸೆದ ಇಯೋಸೆಫೊನ ಬಲಭುಜ ಕೊನೆಗೂ ಕೈಕೊಟ್ಟಿತು.

ವಾಯಿಲೋಲೋ ಊರಿನ ಸಮುದ್ರದಂಚಿಗೆ ಕಪ್ಪು ಬಂಡೆ, ಬಂಡೆಯಲ್ಲೊಂದು ತೂತು. ಅಡಿಯಿಂದ ಅಲೆ ನುಗ್ಗಿದರೆ ನೀರು ಆ ತೂತಿನಿಂದ ತೆಂಗಿನಮರದ ಎತ್ತರಕ್ಕೆ ಚಿಮ್ಮುತ್ತಿತ್ತು. ಸರಿಯಾದ ಗಳಿಗೆಗೆ ಅದರೊಳಕ್ಕೆ ಒಣಕಾಯಿ ಬಿಟ್ಟರೆ ಕಾಯಿ ಆಕಾಶಕ್ಕೆ ಹಾರುತ್ತಿತ್ತು. ಇದನ್ನು ನೋಡಲೆಂದೇ ಪರದೇಶದ ಜನ ರಾಜಧಾನಿ ಅಪಿಯಾದ ಕಡೆಯಿಂದ ಹಡಗಿನಲ್ಲಿ ಸವಾಯಿ ದ್ವೀಪಕ್ಕೆ ದಾಟಿ, ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುತ್ತಿದ್ದರು. ಬಂಡೆ ಇಯೋಸೆಫೊನ ಮನೆತನದ್ದು. ಕಾಯಿ ಎಸೆಯುವ ಹಕ್ಕೂ ಆ ಮನೆತನದ್ದೇ.

"ಇನ್ಮೇಲೆ ಮಲಾಕಿ ಎಸೀತಾನೆ" ಎಂದ ಇಯೋಸೆಫೊ, ಮಗನನ್ನು ತೋರಿಸಿ. ಬೇರೆ ಹೆಸರು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಪೆನಿನಾಳನ್ನು ಬಿಟ್ಟು.

ಪೆನಿನಾ ಇಯೋಸೆಫೊನ ತಮ್ಮನ ಮಗಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ಆರು ವರ್ಷದಿಂದ ಬಂಡೆಯ ಪಕ್ಕದ ಚಪ್ಪರದಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದಳು. ಅಪರಿಚಿತರೊಡನೆ ಮಾತೆಂದರೆ ಅವಳ ಗಂಟಲು ಒಣಗುತ್ತಿತ್ತು. ಕೈಬೆರಳು ತೋರಿಸಿಯೇ ವ್ಯವಹಾರ ಮುಗಿಸುತ್ತಿದ್ದಳು. ಆದರೆ ಆರು ವರ್ಷ ಬಾಯಿ ಮುಚ್ಚಿ ಕೂತವಳ ಕಿವಿ ಸುಮ್ಮನೆ ಕೂತಿರಲಿಲ್ಲ. ಬಂಡೆ ಉಸಿರಾಡುವುದನ್ನು ಅವಳು ಕೇಳಿಸಿಕೊಂಡಿದ್ದಳು. ದೊಡ್ಡ ಅಲೆಗೆ ಮುಂಚೆ ಅದು ಮೂರು ಸಲ ಸಣ್ಣಗೆ ಉಸಿರು ಬಿಡುತ್ತಿತ್ತು. ಆಮೇಲೆ ಒಮ್ಮೆ ಉದ್ದಕ್ಕೆ ಒಳಗೆಳೆದುಕೊಂಡು ಹಿಡಿದಿಟ್ಟುಕೊಳ್ಳುತ್ತಿತ್ತು. ಕಾಯಿ ಬಿಡಬೇಕಾದ್ದು ಆಗ. ಕಾಯಿ ಎಸೆಯುವ ಆಸೆ ಅವಳಿಗೆ ಎಷ್ಟಿತ್ತೆಂದರೆ, ಇಯೋಸೆಫೊ ಎಸೆಯುವಾಗಲೆಲ್ಲ ಚಪ್ಪರದೊಳಗೆ ಅವಳ ಬಲಗೈ ತಾನಾಗಿ ಮಿಸುಕುತ್ತಿತ್ತು.

ಒಂದು ಬೆಳಿಗ್ಗೆ ಕೋಕೋ ಕಾಯಿಸುತ್ತಿದ್ದ ದೊಡ್ಡಮ್ಮ ಓಲಿಯಾನಾಳ ಬೆನ್ನ ಹಿಂದೆ ನಿಂತು, ಪಾತ್ರೆಗೆ ಹೇಳುವಂತೆ ಹೇಳಿದಳು: "ನಾನು ಎಸೀಲಾ, ದೊಡ್ಡಮ್ಮ?"

ಓಲಿಯಾನಾ ಸೌಟು ಹಿಡಿದೇ ತಿರುಗಿದಳು. "ಏನಂದೆ? ನೀನಾ? ಬಿಳಿ ಭಾನುವಾರದ ಮಕ್ಕಳ ಹಬ್ಬಕ್ಕೆ ಚರ್ಚಲ್ಲಿ ಎಲ್ಲ ಮಕ್ಕಳೂ ಗಿಳಿ ಹಾಗೆ ಬೈಬಲ್ ವಾಕ್ಯ ಒಪ್ಪಿಸಿದ್ರೆ ನೀನು ಅರ್ಧ ಗಂಟೆ ಬಾಯಿ ತೆರ್ಕೊಂಡು ನಿಂತಿದ್ದೆಯಲ್ಲೇ! ದೇವರೇ ಇಳಿದುಬಂದು 'ಹೋಗ್ಲಿ ಬಿಡಮ್ಮ, ಕೂತ್ಕೋ' ಅನ್ಬೇಕಿತ್ತು. ಕಾಯಿ ಎಸೆಯೋರು ಜನರನ್ನ ಕೂಗಿ ಕರೀಬೇಕು ಕಣೇ, ನಗಿಸ್ಬೇಕು, ಹಿಂದೆ ನಿಲ್ಲಿ ಅಂತ ಗದರ್ಬೇಕು."

"ಕಲೀತೀನಿ."

"ಕಲಿತೀಯ, ಯಾಕಿಲ್ಲ? ನನ್ನ ಮೊಮ್ಮಕ್ಕಳ ಕಾಲಕ್ಕೆ." ಆಮೇಲೆ ದನಿ ಮೆತ್ತಗೆ ಮಾಡಿದಳು. "ಅದೆಲ್ಲ ಬಿಡು. ನೀನು ಈ ಮನೆ ಹೆಣ್ಣುಮಗಳು. ಅಣ್ಣ ಅನ್ನೋನು ಗಟ್ಟಿಮುಟ್ಟಾಗಿ ಇರೋವಾಗ ತಂಗಿ ಉಪ್ಪುನೀರಲ್ಲಿ ನೆನೆದು ದುಡಿದ್ರೆ ಊರವರು ಅವನ ಮುಖಕ್ಕೆ ಉಗಿಯೋಲ್ವಾ?"

ಅದು ನಿಜವೇ. ಆ ಊರಿನಲ್ಲಿ ತಂಗಿಯೆಂದರೆ ಅಣ್ಣನ ಕಣ್ಣುಗುಡ್ಡೆ. ಸುಟ್ಟ ಮೀನಿನ ಒಳ್ಳೆಯ ತುಂಡು ಅವಳಿಗೆ, ನೆರಳಿನ ಜಾಗ ಅವಳಿಗೆ, ಹೊರೆ ಮಾತ್ರ ಅವನಿಗೆ. ಪೆನಿನಾಗೆ ಯಾರೂ ಅನ್ಯಾಯ ಮಾಡಿರಲಿಲ್ಲ. ಮರ್ಯಾದೆ ಕೊಟ್ಟು ಕೊಟ್ಟೇ ಅವಳನ್ನು ಚಪ್ಪರದಲ್ಲಿ ಕೂಡಿಹಾಕಿದ್ದರು.

ಹೀಗೆ ಮಲಾಕಿ ಬಂಡೆ ಹತ್ತಿದ. ಮಾತಿನಲ್ಲಿ ಅವನನ್ನು ಮೀರಿಸುವವರು ಆ ಕರಾವಳಿಯಲ್ಲೇ ಇರಲಿಲ್ಲ. ಅವನ ನಗೆಮಾತಿಗೆ ಬಸ್ಸಿನವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಕಾಯಿಗಳು ಮಾತ್ರ ನಗಲಿಲ್ಲ. ಅವನು ಎಲ್ಲರಂತೆ ಅಲೆ ನೋಡಿ ಎಸೆಯುತ್ತಿದ್ದ. ಒಂದು ಕಾಯಿ ಬೇಗ ಬಿದ್ದು ಸಮುದ್ರದ ಪಾಲಾದರೆ ಇನ್ನೊಂದು ತಡವಾಗಿ ನೀರಿನ ತಲೆಗೆ ತಗಲಿ ಪಕ್ಕಕ್ಕೆ ಉರುಳುತ್ತಿತ್ತು.

"ಸಮುದ್ರಕ್ಕೆ ಇವತ್ತು ಹಸಿವು ಜಾಸ್ತಿ" ಎಂದು ಅವನು ಕೈಯೊರಸಿಕೊಳ್ಳುತ್ತಿದ್ದ.

"ಹೌದಪ್ಪ, ವಾರದಿಂದ ಉಣ್ತಾನೇ ಇದೆ" ಎನ್ನುತ್ತಿದ್ದಳು ಚಪ್ಪರದ ಹಿಂದೆ ಚಾಪೆ ಹೆಣೆಯುತ್ತಿದ್ದ ಓಲಿಯಾನಾ. "ನೀನು ಹೀಗೇ ಬಡಿಸ್ತಾ ಇದ್ರೆ ನಮ್ಮ ಸಾರಿಗೆ ಕಾಯಿ ಉಳಿಯೋಲ್ಲ."

ಪೆನಿನಾಗೆ ಹೋಗಿ ಗಳಿಗೆ ಹೇಳಿಕೊಡಬೇಕೆನಿಸುತ್ತಿತ್ತು. ಆದರೆ ಅದಕ್ಕೂ ಒಂದು ತೊಡಕು. ಮಲಾಕಿಯ ನಗೆಮಾತುಗಳೆಲ್ಲ ಗಂಡ ಹೆಂಡಿರ ಚಾಪೆಯ ಸುತ್ತಲಿನವು. ಅವನ್ನು ಅವನು ಚಪ್ಪರಕ್ಕೆ ಕೇಳದ ಹಾಗೆ ದನಿ ತಗ್ಗಿಸಿ ಹೇಳುತ್ತಿದ್ದ. ಅಂಥ ಮಾತು ತಂಗಿಯ ಕಿವಿಗೆ ಬಿದ್ದರೆ ಅಣ್ಣ ಆ ಊರಿನಲ್ಲಿ ತಲೆಯೆತ್ತುವ ಹಾಗಿಲ್ಲ, ಕೇಳಿಸಿಕೊಂಡ ತಂಗಿಗೂ ಅಷ್ಟೇ ನಾಚಿಕೆ. ಅವಳು ಚಪ್ಪರದಿಂದ ಎದ್ದರೆ ಸಾಕು, ಅವನು ಅರ್ಧ ಕತೆಯಲ್ಲೇ ನಿಂತು, "ಮೋಡ ನೋಡಿ, ಎಷ್ಟು ಬೆಳ್ಳಗಿದೆ" ಎನ್ನುತ್ತಿದ್ದ. ಬಸ್ಸಿನವರು ಮೋಡ ನೋಡಿ, ಇದರಲ್ಲಿ ನಗುವಂಥದ್ದು ಏನಿದೆಯೆಂದು ಮುಖಮುಖ ನೋಡಿಕೊಳ್ಳುತ್ತಿದ್ದರು. ಅಣ್ಣನ ಸಂಕಟ ನೋಡಲಾರದೆ ಅವಳು ಮತ್ತೆ ಕೂರುತ್ತಿದ್ದಳು.

ಶನಿವಾರ ಬಂದ ಬಸ್ಸಿನಲ್ಲಿ ಇಪ್ಪತ್ತು ಜನರಿದ್ದರು. ಇಯೋಸೆಫೊ ಭುಜಕ್ಕೆ ಎಣ್ಣೆ ಸವರಿಕೊಂಡು ಮರದ ಬುಡದಲ್ಲಿ ಕೂತು ನೋಡುತ್ತಿದ್ದ. ಮಲಾಕಿ ಮೂರು ಕಾಯಿ ಸಮುದ್ರಕ್ಕೆ ಉಣ್ಣಿಸಿದ.

"ಇನ್ನೊಂದು ನೋಡೋಣವಾ, ಇಲ್ಲ ಬಸ್ ತಿರುಗಿಸ್ಲಾ?" ಎಂದು ಡ್ರೈವರ್ ಕೂಗಿದ. ಇಯೋಸೆಫೊ ತಲೆ ತಗ್ಗಿಸಿದ. ಜನ ಹೊರಡದಿರಲೆಂದು ಮಲಾಕಿ ಇಂಗ್ಲಿಷಿನಲ್ಲಿ ಒಂದು ಕತೆ ಶುರುಮಾಡಿದ.

ಆಗ ಬಂಡೆ ಸಣ್ಣಗೆ ಉಸಿರು ಬಿಟ್ಟಿತು. ಒಂದು.

ಪೆನಿನಾ ಎದ್ದಳು. ಟಿಕೆಟ್ ಪುಸ್ತಕ ಮಡಿಲಿಂದ ಜಾರಿತು. ಬರಿಗಾಲಲ್ಲಿ ಓಡಿ, ರಾಶಿಯಲ್ಲಿ ಕಾಯಿಗಳನ್ನು ಅಲುಗಿಸಿ ನೋಡಿ, ಹಗುರಾದ ಒಂದನ್ನು ಎತ್ತಿಕೊಂಡಳು. ಎರಡು.

"...ಆಗ ಗಂಡ ಕತ್ತಲಲ್ಲಿ ತಡಕಾಡಿ ನೋಡ್ತಾನೆ, ಚಾಪೆ ಮೇಲೆ..." ಎನ್ನುತ್ತಿದ್ದ ಮಲಾಕಿ ತಂಗಿಯನ್ನು ಕಂಡು ಗಪ್ಪನೆ ಬಾಯಿ ಮುಚ್ಚಿದ. ಕಿವಿಯವರೆಗೆ ಕೆಂಪಾದ. ಈ ಸಲ ಮೋಡವೂ ನೆನಪಾಗಲಿಲ್ಲ.

ಅಷ್ಟರಲ್ಲಿ ಕ್ಯಾಮೆರಾ ಹಿಡಿದ ದಪ್ಪ ಮನುಷ್ಯನೊಬ್ಬ, ಚಾಪೆ ಮೇಲೆ ಏನಿತ್ತೆಂದು ಕೇಳುವ ಆತುರದಲ್ಲಿ, ಒದ್ದೆ ಬಂಡೆ ದಾಟಿ ತೂತಿನ ಅಂಚಿಗೇ ಬಂದು ನಿಂತಿದ್ದ. ಮೂರು.

ಪೆನಿನಾ ಅಣ್ಣನತ್ತ ನೋಡಿದಳು, ಅವನು ಕೂಗುತ್ತಾನೆಂದು. ಅವನ ನಾಲಿಗೆ ಆ ಅರ್ಧ ಕತೆಯ ಕೆಳಗೆ ಸಿಕ್ಕಿಬಿದ್ದಿತ್ತು.

"ಹಿಂದೆ ಹೋಗ್ರೀ!"

ತನ್ನದೇ ದನಿ ಅವಳಿಗೆ ಗುರುತು ಸಿಗಲಿಲ್ಲ. ಕ್ಯಾಮೆರಾದವನಿಗೆ ಅವಳ ಭಾಷೆ ತಿಳಿಯದಿದ್ದರೂ ಆ ದನಿ ತಿಳಿಯಿತು. ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿ ದೊಪ್ಪನೆ ಕೂತ. ಬಂಡೆ ಉದ್ದಕ್ಕೆ ಉಸಿರೆಳೆದು ಹಿಡಿದುಕೊಂಡಿತು. ಪೆನಿನಾ ಕಾಯಿ ಬಿಟ್ಟಳು.

ನೀರು ಬಿಳಿ ಕಂಬದಂತೆ ಎದ್ದಿತು. ಕಾಯಿ ಅದನ್ನೂ ದಾಟಿ, ಮರಗಳನ್ನೂ ದಾಟಿ, ಹಕ್ಕಿಯಷ್ಟಾಗಿ, ಹುಳುವಿನಷ್ಟಾಗಿ, ಕಾಣದೇ ಹೋಯಿತು. ಇಪ್ಪತ್ತು ಜನ ಕತ್ತು ಮೇಲೆತ್ತಿ ನಿಂತರು. ಎಷ್ಟು ಹೊತ್ತಾಯಿತೆಂದರೆ ಒಬ್ಬಾಕೆ ಟೋಪಿ ಕೈಯಲ್ಲಿ ಹಿಡಿದು, "ವಾಪಸ್ ಬರುತ್ತಾ?" ಎಂದು ಕೇಳಿದಳು.

ಬಂತು. ಚಪ್ಪರದ ಹಿಂದೆ ಟಪ್ಪೆಂದು ಸದ್ದಾಯಿತು.

"ನನ್ನ ಚಾಪೆ!" ಎಂದು ಓಲಿಯಾನಾ ಕಿರುಚಿದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಸಂಜೆ ಪ್ರಾರ್ಥನೆ ಮುಗಿಸಿ ಎಲ್ಲರೂ ಕೂತಿದ್ದಾಗ ಇಯೋಸೆಫೊ ಭುಜ ನೀವಿಕೊಳ್ಳುತ್ತ ಹೇಳಿದ: "ಅಷ್ಟು ಎತ್ತರ ನಾನೂ ಎಸೆದಿರ್ಲಿಲ್ಲ. ಆದ್ರೂ ಅವಳು ತಂಗಿ. ಊರಿಗೆ ಏನು ಹೇಳ್ಲಿ?"

ಉತ್ತರ ಕೊಟ್ಟವನು ಮಲಾಕಿ. "ಅಪ್ಪ, ತಂಗಿ ಏನು ಕೇಳಿದ್ರೂ ಅಣ್ಣ ಇಲ್ಲ ಅನ್ಬಾರ್ದು ಅಂತ ಕೋಲು ಹಿಡ್ಕೊಂಡು ಕಲಿಸಿದ್ದು ನೀನೇ ಅಲ್ವಾ? ಹಾಗೇ ಹೇಳು. ಅವಳು ಕೇಳಿದ್ಲು, ಇವನು ಕೊಟ್ಟ."

"ಕೇಳಿದ್ಲಾ? ಯಾವಾಗ?"

ಮನೆಮಂದಿಯೆಲ್ಲ ಪೆನಿನಾಳತ್ತ ತಿರುಗಿದರು. ಅವಳು ಚಾಪೆಯ ಎಳೆ ಕೀಳತೊಡಗಿದಳು.

"ಚಾಪೆ ಬಿಡೇ, ಅದಕ್ಕೆ ಇವತ್ತು ಬಿದ್ದಿರೋ ಪೆಟ್ಟು ಸಾಕು" ಎಂದಳು ಓಲಿಯಾನಾ. "ಬೇಕಾ ಬೇಡ್ವಾ, ಅಷ್ಟು ಹೇಳು."

ಗಂಟಲು ಒಣಗಿತ್ತು. ಒಣಗಿದ ಗಂಟಲಿನಿಂದಲೇ ಪೆನಿನಾ ಹೇಳಿದಳು: "ಬೇಕು. ಕಾಯಿ ನಾನೇ ಎಸೀತೀನಿ. ಕೊಡು, ಅಣ್ಣ."

"ಕೊಟ್ಟೆ" ಎಂದ ಮಲಾಕಿ, ದೊಡ್ಡದೊಂದು ಆಸ್ತಿ ಬರೆದುಕೊಟ್ಟವನಂತೆ.

"ಅಬ್ಬಾ!" ಎಂದಳು ಓಲಿಯಾನಾ. "ಇಷ್ಟು ಮಾತಿಗೆ ಇಪ್ಪತ್ತು ವರ್ಷ ಹಿಡೀತು. ಮುಂದಿನ ಮಾತು ಕೇಳೋಕೆ ನಾನಂತೂ ಇರೋಲ್ಲ ಬಿಡಿ."

ಸೋಮವಾರದಿಂದ ಮಲಾಕಿ ಟಿಕೆಟ್ ಚಪ್ಪರದಲ್ಲಿ ಕೂತ. ಬೆಳಿಗ್ಗೆಯೇ ಕಾಯಿಯ ಮೂಟೆ ಹೊತ್ತು ತಂದು ತಂಗಿಯ ಪಕ್ಕದಲ್ಲಿಟ್ಟು, ಬಸ್ಸು ಬರುವಷ್ಟರಲ್ಲಿ ಓಡಿಹೋಗುತ್ತಿದ್ದ. ಚಪ್ಪರದಿಂದ ಬಂಡೆಗೆ ಮಾತು ಕೇಳಿಸದ ಹಾಗೆ ಗಾಳಿ ಅಡ್ಡ ಬೀಸುತ್ತಿತ್ತು. ನಗು ಮಾತ್ರ ಕೇಳುತ್ತಿತ್ತು. ಪೆನಿನಾ ಸಮುದ್ರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು.

ಮೊದಲ ದಿನದ ಮೊದಲ ಬಸ್ಸಿನವರು ಕಣ್ಣೊರಸಿಕೊಳ್ಳುತ್ತ ಬಂಡೆ ಹತ್ತಿ ಬಂದರು. ಅವರಲ್ಲೊಬ್ಬ ಮುದುಕಿ ನೇರ ಪೆನಿನಾಳ ಹತ್ತಿರ ಬಂದು ತೋಳು ಹಿಡಿದಳು.

"ನಿಮ್ಮಣ್ಣ ಎಂಥಾ ಕತೆ ಹೇಳಿದ್ರು ಗೊತ್ತಾ? ಆ ಗಂಡ ಕತ್ತಲಲ್ಲಿ ಚಾಪೆ ತಡಕಿದ್ನಂತೆ, ನೋಡಿದ್ರೆ..."

ಪೆನಿನಾ ಬಂಡೆಗೆ ಕಿವಿಗೊಟ್ಟಳು. ಬಂಡೆ ಇನ್ನೂ ಒಂದು ಸಲವೂ ಉಸಿರು ಬಿಟ್ಟಿರಲಿಲ್ಲ. ಓಡಿಹೋಗಲು ಜಾಗವಿಲ್ಲ, ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಕಾಯಿ.

"ಈ ಕಾಯಿ ನೋಡಿ!" ಎಂದಳು ಜೋರಾಗಿ, ಶಾಲೆಯಲ್ಲಿ ಕಲಿತಷ್ಟು ಇಂಗ್ಲಿಷಿನಲ್ಲಿ. "ಇದು ಒಣಗಿದ್ದು. ಹಸಿಯದು ಭಾರ, ಹಾರೋದಿಲ್ಲ. ಅಲ್ಲಾಡಿಸಿದ್ರೆ ಒಳಗೆ ನೀರಿನ ಸದ್ದು ಬರುತ್ತೆ, ಕೇಳಿ..."

"ಹೌದಾ? ಆಮೇಲೆ ಆ ಹೆಂಡ್ತಿ..."

"ಆಮೇಲೆ ಗಾಳಿ! ಗಾಳಿ ಪೂರ್ವದಿಂದ ಬಂದ್ರೆ ಎಡಗಡೆ ನಿಲ್ಲಬೇಕು. ಸಮುದ್ರ ನೋಡಬಾರದು, ಬಂಡೆ ಕೇಳಬೇಕು. ನಮ್ಮ ದೊಡ್ಡಪ್ಪ ಇಪ್ಪತ್ತೆಂಟು ವರ್ಷ ಎಸೆದ್ರು, ಭುಜ ಹೋಯ್ತು. ಮೊನ್ನೆ ಒಂದು ಕಾಯಿ ದೊಡ್ಡಮ್ಮನ ಚಾಪೆ ಮೇಲೆ..." ಚಾಪೆ ಎಂದೊಡನೆ ಮುದುಕಿಯ ಕಣ್ಣು ಮಿಂಚಿದ್ದು ಕಂಡು ಅವಳು ಗಾಬರಿಯಿಂದ ಹಡಗಿನ ಮಾತಿಗೆ ಹಾರಿದಳು, ಹಡಗಿನಿಂದ ಮಳೆಗೆ, ಮಳೆಯಿಂದ ಕೆಸುವಿನ ಗದ್ದೆಗೆ. ಜನ ಸುತ್ತ ಗುಂಪುಗೂಡಿದರು. ಯಾರೋ ನಕ್ಕರು, ಯಾರೋ ಪ್ರಶ್ನೆ ಕೇಳಿದರು. ಅವಳು ಉತ್ತರ ಕೊಡುತ್ತಲೇ ಹೋದಳು. ಮುದುಕಿ ಬಾಯಿ ತೆರೆದಾಗಲೆಲ್ಲ ಇನ್ನೂ ಜೋರಾಗಿ ಉತ್ತರ ಕೊಟ್ಟಳು. ಕೊನೆಗೆ ಬಂಡೆಯೇ ಕನಿಕರಪಟ್ಟು ಮೊದಲ ಉಸಿರು ಬಿಟ್ಟಾಗ, "ಎಲ್ಲರೂ ಹಿಂದೆ!" ಎಂದು ಕೂಗಿ ಅವಳೂ ಉಸಿರು ಬಿಟ್ಟಳು.