ಗೆಜ್ಜೆಯ ಸದ್ದಿಗೆ ಒಂದು ತಿದ್ದುಪಡಿ

ಟೀವಿಯಲ್ಲಿ ಎಂಟು ಕಂತುಗಳಾಗಿ ಬಂದ ‘ತಳದ ಮನೆ’ ಧಾರಾವಾಹಿಯನ್ನು ನಾನು ಮೆಚ್ಚಿಯೇ ವಿಮರ್ಶೆ ಬರೆದಿದ್ದೆ. ಚಳ್ಳಕೆರೆಯಲ್ಲಿ ವಾರಪತ್ರಿಕೆ ನಡೆಸುವ ಜಾವೀದ್ ಅದನ್ನು ಪುಟಕ್ಕೆ ಕೂಡಿಸಿಯೂ ಆಗಿತ್ತು. ಕಥೆಯಲ್ಲಿ ಸತ್ತ ತಾಯಿಯೊಬ್ಬಳು ಮಗ್ಗದಲ್ಲಿ ಕುಳಿತು ನೇಯುತ್ತಾಳೆ. ಮಗ್ಗದ ಗುಂಡಿಯೊಳಗೆ ಇಳಿಬಿಟ್ಟ ಅವಳ ಕಾಲುಗಳು ಯಾರಿಗೂ ಕಾಣುವುದಿಲ್ಲ. ಗೆಜ್ಜೆಯ ಸದ್ದು ಮಾತ್ರ ಮಕ್ಕಳ ಕೋಣೆಗೆ ಬರುತ್ತದೆ. ಆ ಸದ್ದನ್ನು ನಾನು ಬಲ್ಲೆ ಎಂದು ಬರೆದಿದ್ದೆ. ಮೊಳಕಾಲ್ಮುರಿನ ನಮ್ಮ ಮನೆಯಲ್ಲೂ ಅದು ಕೇಳುತ್ತಿತ್ತು; ಆರು ವರ್ಷದ ನನ್ನ ಪಾಲಿಗೆ ಮಗ್ಗದಲ್ಲಿ ನೇಯುತ್ತಿದ್ದ ಅವ್ವನೇ ದೆವ್ವವಾಗಿದ್ದಳು.

ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ ವಿಮರ್ಶೆಯ ಈ ಕೊನೆಯ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಅವ್ವ ತೀರಿಕೊಂಡು ನಲವತ್ತು ವರ್ಷ. ಅವಳ ಬಗ್ಗೆ ನಾನು ಅಚ್ಚು ಮಾಡಿಸುವ ಮೊದಲ ಮಾತು, ಬಹುಶಃ ಕೊನೆಯದೂ, ಇದೇ ಆಗಬೇಕೆ? ಬಸ್ಸು ಹತ್ತಿ ಅಕ್ಕ ವೀರಮ್ಮನ ಮನೆಗೆ ಹೋದೆ.

ಅಕ್ಕ ಇಂದಿಗೂ ನೇಯುತ್ತಾಳೆ. ಧಾರಾವಾಹಿಯನ್ನೂ ನೋಡಿದ್ದಳು. ಹೆದರಿಕೆಯಾಗಲಿಲ್ಲವೇ ಎಂದರೆ, ಆ ದೆವ್ವಕ್ಕೆ ಎಳೆ ಬಿಗಿಯುವುದೇ ಗೊತ್ತಿಲ್ಲ, ಅದು ನೇಯ್ದ ಸೀರೆ ಒಂದು ಒಗೆತಕ್ಕೂ ಬಾಳದು ಎಂದಳು. ವಿಮರ್ಶೆಯನ್ನು ಓದಿ ಹೇಳಿದ ಮೇಲೆ ಅವಳ ಕೈಯ ಲಾಳಿ ನಿಂತಿತು.

“ಮರ್ತೆಯೇನೋ ಜಂಬು? ದೆವ್ವಕ್ಕೆ ಕಾಲಿರಲ್ಲ ಅಂತ ಯಾರೋ ಅಂದಿದ್ಕೆ, ಅವ್ವನ ಕಾಲು ನೋಡಾಕೆ ಗುಂಡಿಗಿಳಿದು ಎಳೆಯೆಲ್ಲ ಹರ್ದಿದ್ದೆ.”

ಮೂರು ದಿನದ ದುಡಿಮೆ ಹಾಳಾದರೂ ಅವ್ವ ಬೈಯಲಿಲ್ಲವಂತೆ. ಮೇಕೆಯ ಕೊರಳ ಗೆಜ್ಜೆ ಬಿಚ್ಚಿ ತನ್ನ ಕಾಲಿಗೆ ಕಟ್ಟಿಕೊಂಡಳಂತೆ.

“ಒಳಗೆ ಮಲಗಿರೋ ಮಗೀಗೆ ಅವ್ವಂಗೆ ಕಾಲೈತೆ ಅಂತ ಕೇಳ್ಲಿ ಅಂದ್ಳು. ಗಂಡ ಸತ್ತೋಳಿಗೆ ಗೆಜ್ಜೆ ಬೇರೆ ಕೇಡು ಅಂತ ಕೇರಿಯೋರು ಆಡ್ಕೊಂಡ್ರು. ಎರಡು ವರ್ಷ ಬಿಚ್ಚಲಿಲ್ಲ ಕಣೋ.”

ಸದ್ದು ಏತಕ್ಕೆಂದು ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ನನ್ನ ಧೈರ್ಯಕ್ಕೆಂದು ಕಟ್ಟಿದ್ದನ್ನು ಕೇಳಿ ನಾನು ಹೊದಿಕೆಯೊಳಗೆ ನಡುಗಿದ್ದೆ.

ಜಾವೀದನಿಗೆ ಫೋನ್ ಮಾಡಿದೆ. ವಿಮರ್ಶೆಯನ್ನು ಹೊಸದಾಗಿ ಬರೆಯಬೇಕೆಂದೆ.

“ಪುಟ ಕಟ್ಟಿ ಆಗೈತೆ ಮೇಷ್ಟ್ರೇ. ಊರೆಲ್ಲ ಹೆದರ್ಕೊಂಡು ಖುಷಿಪಡ್ತಿರುವಾಗ ನೀವೊಬ್ರು ದೆವ್ವದ ಪರ ನಿಂತ್ರೆ ಹೆಂಗ್ರೀ?”

“ನಿಲ್ತೀನಿ. ಪುಟ ಬಿಚ್ಚು.”

ಅವನು ನಕ್ಕು, ನಾಲ್ಕು ಗಂಟೆಯವರೆಗೆ ಕಾಯುವುದಾಗಿ ಹೇಳಿದ. ಅಕ್ಕನ ಮಗ್ಗದ ಪಕ್ಕದಲ್ಲೇ ಕುಳಿತು ಹಳೆಯದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಎಂಟು ಕಂತುಗಳಲ್ಲಿ ಒಮ್ಮೆಯೂ ಕ್ಯಾಮೆರಾ ಮಗ್ಗದ ಗುಂಡಿಗೆ ಇಳಿಯಲಿಲ್ಲ, ಅದೇ ಈ ಧಾರಾವಾಹಿಯ ಸೋಲು ಎಂದು ಆರಂಭಿಸಿದೆ. ನಾನು ಇಳಿದಿದ್ದೆ, ಅಲ್ಲಿ ಕಂಡ ಎರಡು ಕಾಲುಗಳನ್ನು ಮರೆತಿದ್ದೆ ಎಂದು ಮುಂದುವರಿಸಿದೆ. ಅಕ್ಕ ಮತ್ತೆ ಮಗ್ಗ ತುಳಿಯತೊಡಗಿದಳು. ಮೇಕೆಯ ವಿಷಯವನ್ನೂ ಬಿಡದೆ ಬರೆ ಎಂದಳು. ಬರೆದೆ.